ನಮ್ಮವ್ವನಿಗೆ ಬಿಸಿಲು ಬೇಡವೆಂದು ಹೊತ್ತ ಹರಕೆ

ಕಬ್ಬಾಳಮ್ಮನನ್ನು ನಂಬಿದ ಎಲ್ಲರಿಗೂ ಕೈಮುಗಿದು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೇ ಹೆಚ್ಚು. ಅದನ್ನು ಮುಚ್ಚಿಟ್ಟು ತಾಯಿಯ ಮಹಿಮೆಯನ್ನಷ್ಟೇ ಹೇಳಿದರೆ ಅವಳೇ ಮೆಚ್ಚುವುದಿಲ್ಲ.

ಕಳೆದ ಶಿವರಾತ್ರಿಗೆ ಎಂಟು ದಿನ ಮುಂಚೆ ನಮ್ಮವ್ವ ಬಚ್ಚಲಿನಲ್ಲಿ ಬಿದ್ದಳು. ಆ ತಿಂಗಳಲ್ಲಿ ಅದು ಮೂರನೇ ಸಾರಿ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯಲ್ಲಿದ್ದ ನನಗೆ ಹೆಂಡತಿ ಸುಧಾ ಫೋನು ಮಾಡಿದಳು. ಕನಕಪುರದ ಬಸ್ಸು ಸ್ಟಾಪು ಸ್ಟಾಪಿನಲ್ಲೂ ನಿಲ್ಲುತ್ತಿತ್ತು. ಡ್ರೈವರನ ಮೇಲೆ ರೇಗಿದೆ, ಕಂಡಕ್ಟರನ ಮೇಲೂ ರೇಗಿದೆ. ಭಯವಾದರೆ ನನಗೆ ಮೊದಲು ಬರುವುದು ಕೋಪವೇ.

ಅವ್ವನಿಗೆ ಎಪ್ಪತ್ತು ದಾಟಿದೆ. ಅಪ್ಪ ತೀರಿಕೊಂಡ ಮೇಲೆ ಕಂಡವರ ಹಿಪ್ಪುನೇರಳೆ ತೋಟದಲ್ಲಿ ಕೂಲಿ ಮಾಡಿ ನನ್ನನ್ನು ಐಟಿಐ ಓದಿಸಿದವಳು. ನಾಲ್ಕು ವರ್ಷದ ಹಿಂದೆ ಕಳೆ ಕೀಳುತ್ತಿದ್ದಾಗ ಬಿಸಿಲಿಗೆ ತಲೆತಿರುಗಿ ಬಿದ್ದಳು. ಅವತ್ತೇ ನಾನು ಕಬ್ಬಾಳಿಗೆ ಓಡಿಹೋಗಿ, ಇವಳನ್ನು ಉಳಿಸಿಕೊಡು ತಾಯಿ, ಇನ್ನು ಇವಳ ಮೈಗೆ ಬಿಸಿಲು ಸೋಕದಂತೆ ನೋಡಿಕೊಳ್ಳುತ್ತೇನೆ ಎಂದು ಹರಕೆ ಹೊತ್ತೆ.

ಹರಕೆಯನ್ನು ಚಾಚೂ ತಪ್ಪದೆ ನಡೆಸಿದೆ. ಅವ್ವನಿಗೊಂದು ಕೋಣೆ, ಫ್ಯಾನು, ಟಿವಿ. ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತೇನೆ ಎಂದರೂ ಗದರಿ ಒಳಗೆ ಕಳಿಸುತ್ತಿದ್ದೆ. ಬರಬರುತ್ತಾ ತೊಡೆ ನೋವು ಎಂದಳು, ಮುಲಾಮು ತಂದುಕೊಟ್ಟೆ. ಕುರ್ಚಿಯಿಂದ ಏಳಲು ಎರಡೂ ಕೈ ಊರುವಂತಾಯಿತು, ವಯಸ್ಸಾಯಿತು ಎಂದುಕೊಂಡೆ.

ರಾಮನಗರದ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಕೈ ಊರದೆ ಎದ್ದು ನಿಲ್ಲಿ ಎಂದು ಡಾಕ್ಟರಮ್ಮ ಹೇಳಿದರು. ಅವ್ವ ಮೂರು ಸಲ ಪ್ರಯತ್ನಪಟ್ಟು ನನ್ನ ಮುಖ ನೋಡಿದಳು. ರಕ್ತದ ವರದಿ ಬಂದಾಗ ವಿಟಮಿನ್ ಡಿ ತೀರಾ ಕಡಿಮೆಯಿತ್ತು. ಇವರು ಬಿಸಿಲಿಗೆ ಹೋಗುವುದಿಲ್ಲವೇ ಎಂದು ಕೇಳಿದರು. ನಾಲ್ಕು ವರ್ಷದಿಂದ ಬಿಸಿಲು ಬೀಳದ ಹಾಗೆ ಸಾಕಿದ್ದೇನೆ ಮೇಡಂ ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ನೋಡಿ, ಮೂಳೆಗೂ ಮಾಂಸಖಂಡಕ್ಕೂ ಇದು ಬೇಕು. ಇನ್ನೊಂದು ಸಲ ಬಿದ್ದು ಸೊಂಟ ಮುರಿದರೆ ಇವರು ಮತ್ತೆ ಎದ್ದು ಓಡಾಡ್ತಾರೆ ಅಂತ ನಾನು ಹೇಳಲಾರೆ."

ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಹೆಚ್ಚು ಕೊಟ್ಟರೂ ಅಪಾಯ, ಮಾತ್ರೆ ನುಂಗಿ ಒಳಗೇ ಕೂತರೂ ಪ್ರಯೋಜನವಿಲ್ಲ, ದಿನವೂ ಒಂದಿಷ್ಟು ಬಿಸಿಲು, ಒಂದಿಷ್ಟು ನಡಿಗೆ, ಎದ್ದು ಕೂರುವ ಅಭ್ಯಾಸ ಬೇಕು ಎಂದರು.

ಮಾತ್ರೆ ಕೊಟ್ಟೆ. ಬಿಸಿಲಿಗೆ ಮಾತ್ರ ಬಿಡಲಿಲ್ಲ. ಕೊಟ್ಟ ಮಾತು ಮುರಿದರೆ ಕಬ್ಬಾಳಮ್ಮ ಅವ್ವನನ್ನೇ ಕರೆದುಕೊಂಡುಬಿಟ್ಟರೆ? ಸುಧಾ ಎರಡು ದಿನ ಜಗಳವಾಡಿ ಸುಮ್ಮನಾದಳು. ಕೋಣೆಯಲ್ಲಿ ಸಣ್ಣ ಸದ್ದಾದರೂ ಅವ್ವ ಬಿದ್ದಳೆಂದು ಓಡುತ್ತಿದ್ದೆ. ಕೊನೆಗೆ ಅಮ್ಮನನ್ನೇ ಕೇಳುವುದೆಂದು ಮಂಗಳವಾರ ಆಟೋದಲ್ಲಿ ಮೂವರೂ ಕಬ್ಬಾಳಿಗೆ ಹೋದೆವು.

ಅವ್ವನಿಗೆ ಇಳಿಯಬೇಡ ಎಂದು ತಾಕೀತು ಮಾಡಿ, ಸುಧಾಳನ್ನು ಕಾವಲಿಗಿಟ್ಟು, ಆಟೋವನ್ನು ಮರದ ನೆರಳಲ್ಲಿ ನಿಲ್ಲಿಸಿ ನಾನೊಬ್ಬನೇ ಒಳಗೆ ಹೋದೆ. ಹರಕೆ ಬಿಡಿಸಿಕೊಡುವುದಾದರೆ ನಿನ್ನ ಮುಡಿಯಿಂದ ಬಲಗಡೆ ಹೂ ಬೀಳಿಸು ತಾಯಿ ಎಂದು ಬೇಡಿಕೊಂಡೆ. ಹೂ ಬೀಳಲಿಲ್ಲ. ಪೂಜಾರಪ್ಪ ಇನ್ನೊಂದು ಸಲ ಕೇಳಿಕೊಳ್ಳಲು ಹೇಳಿದರು. ಆಗಲೂ ಬೀಳಲಿಲ್ಲ. ಸಾಲಿನಲ್ಲಿ ಹಿಂದೆ ನಿಂತ ಜನ ಗೊಣಗತೊಡಗಿದರು. ಎಡಗಡೆ ಬಿದ್ದರೆ ನನ್ನವ್ವನ ಗತಿಯೇನೆಂದು ಹೂವನ್ನೇ ನೋಡುತ್ತಾ ನಿಂತೆ.

ಅಷ್ಟರಲ್ಲಿ ಹೊರಗಿನಿಂದ ಸುಧಾಳ ಧ್ವನಿ, "ರೀ, ಬೇಗ ಬನ್ನಿ."

ಬಿದ್ದಳು ಎಂದುಕೊಂಡೆ. ಜನರನ್ನು ನೂಕಿಕೊಂಡು ಓಡಿದೆ. ಅವ್ವ ಬಿದ್ದಿರಲಿಲ್ಲ. ಸುಧಾಳ ಭುಜ ಹಿಡಿದು ತಾನೇ ಇಳಿದು, ಹತ್ತು ಹೆಜ್ಜೆ ನಡೆದು, ಬಯಲಿನ ಕಲ್ಲಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಬೈಯಲು ಬಾಯಿ ತೆರೆದೆ.

"ಹರ್ಕೆ ಕಟ್ಕಂಡೋನು ನೀನು ಕಣಪ್ಪ. ನನ್ನ ಒಂದ್ ಮಾತು ಕೇಳ್ದಾ? ನಾಕು ವರ್ಸದಿಂದ ನನ್ನ ಬಿಸ್ಲಿಗ್ ಬುಡ್ಸು ಅಂತ್ಲೇ ಈ ಕಬ್ಬಾಳಮ್ಮನ್ನ ಕೇಳ್ತಾ ಇವ್ನಿ."

ಅಲ್ಲೇ ಅವಳ ಕಾಲ ಬಳಿ ಕುಸಿದು ಕೂತು ಅತ್ತುಬಿಟ್ಟೆ. ನಾನು ಒಂದು ಕೇಳಿಕೊಂಡಿದ್ದರೆ, ಅವಳು ಒಳಗೆ ಕೂತು ದಿನವೂ ಇನ್ನೊಂದು ಕೇಳುತ್ತಿದ್ದಳು. ತಾಯಿ ಕಬ್ಬಾಳಮ್ಮ ನಡೆಸಿಕೊಟ್ಟಿದ್ದು ಅವಳ ಮಾತನ್ನು. ನಾನು ಓಡಿ ಬಂದ ಮೇಲೆ ಹೂ ಬಿತ್ತೋ, ಬಿದ್ದರೆ ಯಾವ ಕಡೆ ಬಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ.

ಮಾತ್ರೆ, ಮೊಟ್ಟೆ, ಹಿತ್ತಲಿನ ಬಿಸಿಲು, ಸುಧಾ ಎಣಿಸಿ ಮಾಡಿಸುವ ಏಳು-ಕೂರು. ಗೌರಿ ಹಬ್ಬದ ಹೊತ್ತಿಗೆ ಅವ್ವ ಕೈ ಊರದೆ ಎದ್ದಳು. ಮತ್ತೆ ಬಿದ್ದಿಲ್ಲ.

ಕಳೆದ ಮಂಗಳವಾರ ಬಸ್ಸಿನಲ್ಲೇ ಕಬ್ಬಾಳಿಗೆ ಹೋದೆವು. ಈ ಸಲ ಏನು ಬೇಡಿಕೊಳ್ಳಲಿ ಎಂದು ಮೊದಲು ಅವ್ವನನ್ನು ಕೇಳಿದೆ. ನೀನು ಸುಮ್ಮನಿರು ಎಂದು ತಾನೇ ಕೈಮುಗಿದಳು.

"ಈ ಮಗುನ್ ಕ್ವಾಪ ಒಸಿ ಕಮ್ಮಿ ಮಾಡು ತಾಯಿ. ಬಸ್ ಸ್ಟಾಪಿಂದ ಗುಡೀಗಂಟ ನಡ್ಕಂಡೇ ಬತ್ತೀನಿ."

ಆ ಕೋರಿಕೆ ಈಡೇರಿತೋ ಇಲ್ಲವೋ ಸುಧಾ ಬರೆಯಬೇಕು. ಏಳಲಾರದೆ ನನ್ನ ಮುಖ ನೋಡಿದ್ದವಳ ಬಾಯಲ್ಲಿ ನಡೆದು ಬರುತ್ತೇನೆಂಬ ಮಾತು ಬಂತಲ್ಲ, ನನಗೆ ಅಷ್ಟೇ ಸಾಕು ತಾಯಿ.