ಯಳಂದೂರಿಗೆ ಹೋದ ಮಲ್ಲಿಗೆ ಅತ್ತರು

ಶನಿವಾರ ಬೆಳಿಗ್ಗೆ ಏಳೂವರೆಗೆ ಮೈಸೂರಿನಲ್ಲಿ ಕೊಳ್ಳೇಗಾಲದ ಬಸ್ ಹತ್ತಿದೆ. ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಬ್ಯಾಗಿನಲ್ಲಿ ಎರಡು ಸೀರೆ, ತಂಗಿಯ ಮಗಳಿಗೆ ಹಸಿರು ಬಳೆ, ಮೂರು ಶೀಶೆ ಸೆಂಟು ಇದ್ದವು. ಐವತ್ತೆರಡು ವರ್ಷದ, ಮದುವೆಯಾಗದ ಸ್ಕೂಲ್ ಮೇಡಂಗೆ ಸೆಂಟು ಯಾರಿಗೋಸ್ಕರ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳುವವರಿದ್ದಾರೆ. ನನ್ನ ಮೂಗಿಗೋಸ್ಕರ ಎಂದು ಹೇಳಿ ಹೇಳಿ ಸಾಕಾಗಿದೆ.

ಮೂರರಲ್ಲಿ ಒಂದು ನಿಂಬೆ ಸಿಪ್ಪೆಯ ವಾಸನೆಯದು, ಜಗಳವಿರುವ ದಿನಕ್ಕೆ. ಹಚ್ಚಿಕೊಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇನ್ನೊಂದು ಗಂಧದ್ದು, ಯಾರ ಜೊತೆಗೂ ಮಾತು ಬೇಡವೆನಿಸುವ ಭಾನುವಾರಗಳಿಗೆ. ಮೂರನೆಯದು ಮಲ್ಲಿಗೆ ಅತ್ತರು, ಅದು ತಂಗಿ ನಾಗರತ್ನಳಿಗೆ. ಅವಳ ಗಂಡ ರೇಷ್ಮೆಗೂಡು ಮಾರಲು ಕೊಳ್ಳೇಗಾಲಕ್ಕೆ ಹೋದಾಗಲೆಲ್ಲ ಇಂಥದ್ದೊಂದು ಪುಟ್ಟ ಶೀಶೆ ತಂದುಕೊಡುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಸೋಮವಾರ ಯಳಂದೂರಿನ ಬೀಗರ ಮನೆಯಲ್ಲಿ ಅವಳ ಒಬ್ಬಳೇ ಮಗಳು ಕಾವ್ಯಳ ಸೀಮಂತ. ಗಂಡನಿಲ್ಲದವಳು ಶುಭಕಾರ್ಯಕ್ಕೆ ಎದುರಾಗಬಾರದಂತೆ, ಆದ್ದರಿಂದ ಬರುವುದಿಲ್ಲ ಎಂದು ನಾಗರತ್ನ ಫೋನಿನಲ್ಲಿ ಹೇಳಿದ್ದಳು. ಹೆತ್ತವಳನ್ನು ಮಗಳ ಮುಂದೆ ನಿಲ್ಲಿಸಿಯೇ ವಾಪಸು ಬರುತ್ತೇನೆಂದು ನಾನು ನಿಂಬೆ ಸೆಂಟು ಹಚ್ಚಿಕೊಂಡೇ ಹೊರಟಿದ್ದೆ.

ಕೊಳ್ಳೇಗಾಲದಲ್ಲಿ ಇಡ್ಲಿ ತಿಂದು ಹನೂರಿನ ಬಸ್ ಹಿಡಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಮುಂದಿನ ಸೀಟಿನ ಕಾಲೇಜು ಹುಡುಗಿಯ ಸ್ಪ್ರೇಯಿಂದ ಸ್ಟ್ರಾಬೆರಿ ವಾಸನೆ ಬರುತ್ತಿತ್ತು. ಒಬ್ಬಳೇ ಪೇಟೆ ಸುತ್ತಿ ಬಂದವಳ ಹುಮ್ಮಸ್ಸು ಅದರಲ್ಲಿತ್ತು. ನನ್ನ ಪಕ್ಕದಲ್ಲಿ ಕೂತ ಹೆಂಗಸು ಗುಲಾಬಿ ಅತ್ತರನ್ನು ಧಾರಾಳವಾಗಿ ಬಳಿದುಕೊಂಡಿದ್ದಳು. ಗೂಡು ಬೇಯಿಸಿ ನೂಲು ತೆಗೆಯುವ ಕಡೆ ಕೆಲಸವಂತೆ.

"ಬೇಯ್ಸಿದ್ ಗೂಡಿನ್ ನಾತ ಎಷ್ಟ್ ಉಜ್ಜುದ್ರೂ ಓಗಲ್ಲ ಕಣ್ರಿ. ಪಕ್ಕದೋರು ಮೂಗ್ ಮುಚ್ಕಳದು ನೋಡಿ ನೋಡಿ ಸಾಕಾಯ್ತು. ಈಗ ಬಸ್ ಅತ್ತೋಕ್ ಮುಂಚೆ ಇದ್ನ ಬಳ್ಕತೀನಿ," ಎಂದಳು.

ಅವಳ ಗುಲಾಬಿ ಮೂಗಿಗೆ ಅಡರುವಷ್ಟು ಜೋರಾಗಿತ್ತು. ಆದರೂ ನನಗೆ ಬಹಳ ಇಷ್ಟವಾಯಿತು.

ಹನೂರಿನಿಂದ ತಂಗಿಯ ಊರಿಗೆ ಕೌದಳ್ಳಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಆಟೋ, ಎಂಬತ್ತು ರೂಪಾಯಿ. ತಂಗಿಯ ಅತ್ತೆ ನನ್ನನ್ನು ಜಗಲಿಯ ಕೆಳಗೇ ತಡೆದರು. "ಅಲ್ಲೇ ನಿಂತ್ಕವ್ವ. ಮೊದ್ಲು ನೀರ್ ಉಯ್ಕಂಡು ಬಾ. ಉಳುಕ್ಕೆ ಸೆಂಟ್ ಆಗಲ್ಲ."

ಅದು ನಿಜ. ರೇಷ್ಮೆಹುಳು ಸಾಕುವವರು ಹುಳುಮನೆಯ ಹತ್ತಿರ ಸೆಂಟು, ಊದುಬತ್ತಿ, ಬೀಡಿ ಯಾವುದನ್ನೂ ಬಿಡುವುದಿಲ್ಲ. ಮನೆ ಮಂದಿಯೆಲ್ಲ ಉಣ್ಣುವುದು ಆ ಹುಳುಗಳಿಂದಲೇ. ಎದುರು ಮಾತಾಡದೆ ಸ್ನಾನ ಮಾಡಿದೆ, ನಿಂಬೆ ವಾಸನೆ ಇನ್ನೂ ಇದೆಯೆಂದಾಗ ಮತ್ತೊಮ್ಮೆ ಮಾಡಿದೆ. ಅತ್ತರು ಕೊಟ್ಟಾಗ ನಾಗರತ್ನ ಅದೇ ಕಾರಣ ಹೇಳಿ ಶೀಶೆಯನ್ನು ನನ್ನ ಬ್ಯಾಗಿಗೇ ತುರುಕಿದಳು.

ಸಂಜೆ ಅವಳ ವಾರಗಿತ್ತಿ ಕಾಫಿ ತಂದುಕೊಟ್ಟಳು. ಮುಖಕ್ಕೆ ಘಮಘಮ ಪೌಡರ್, ತಲೆಯಲ್ಲಿ ಎರಡು ಮೊಳ ಮಲ್ಲಿಗೆ. ಅತ್ತೆ ಅವಳಿಗೆ ಏನೂ ಅನ್ನಲಿಲ್ಲ. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ನಾಗರತ್ನಳ ಹಿಂದೆ ಹುಳುಮನೆಗೆ ಹೋದೆ. ಅದಿರುವುದು ಹಿಪ್ಪುನೇರಳೆ ತೋಟದ ಆಚೆ ತುದಿಯಲ್ಲಿ. ಒಳಗೆ ಸೊಪ್ಪು ತಿನ್ನುವ ಹುಳು ಒಂದೂ ಇರಲಿಲ್ಲ. ಎಲ್ಲವೂ ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆ ಹತ್ತಿ, ಗೂಡು ಕಟ್ಟಿ ಮುಗಿಸಿದ್ದವು. ಯಾವ ಹುಳುವಿಗೆ ನನ್ನನ್ನು ಎರಡು ಸಲ ಮೀಯಿಸಿದಿರಿ ಎಂದು ಕೇಳಿದೆ.

ನಾಗರತ್ನ ತಲೆಯೆತ್ತದೆ ಹೇಳಿದಳು: "ಎಲ್ಡ್ ವರ್ಸದಿಂದ ನಂಗೆ ಉಳ ಅಂತ್ಲೇ ಯೋಳದು ಅಕ್ಕ. ಒಂದ್ ಬೆಳೆ ಮುಗಿತಿದ್ದಂಗೆ ಇನ್ನೊಂದ್ ಬೆಳೆ. ಉಳ ಇಲ್ದಿರ ದಿನ ಯಾವ್ದು?"

ನನಗೆ ರೇಗಿತು. ಹುಳುವಿನ ಮೇಲಲ್ಲ.

ಭಾನುವಾರವಿಡೀ ಎಲ್ಲರೂ ಕೂತು ಗೂಡು ಬಿಡಿಸಿದೆವು. ಕತ್ತಲಾಗುವ ಹೊತ್ತಿಗೆ ಹುಳುಮನೆ ಖಾಲಿಯಾಯಿತು, ನೆಲಕ್ಕೆ ಬ್ಲೀಚಿಂಗ್ ಪೌಡರ್ ಸುರಿದು ತೊಳೆದರು. ಕಣ್ಣಲ್ಲಿ ನೀರು ಬರಿಸುವ ಆ ವಾಸನೆಯ ಮುಂದೆ ನನ್ನ ಮೂರು ಶೀಶೆಗಳೂ ಏನೇನೂ ಅಲ್ಲ. ಸೋಮವಾರ ನಸುಕಿಗೆ ತಂಗಿಯ ಭಾವ ಮೂಟೆಗಳನ್ನು ಟೆಂಪೋಗೆ ಹಾಕಿಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೊರಟರು. ಅತ್ತೆಯ ನೆಪವೂ ಅದೇ ಗಾಡಿಯಲ್ಲಿ ಹೋಯಿತು. ನಾನು ನಿಂಬೆ ಸೆಂಟು ಹಚ್ಚಿಕೊಂಡು ಜಗಳಕ್ಕೆ ತಯಾರಾದೆ, ಮಲ್ಲಿಗೆ ಅತ್ತರನ್ನು ಕನ್ನಡಿಯ ಪಕ್ಕದಲ್ಲಿಟ್ಟೆ.

ನಾಗರತ್ನ ಸ್ನಾನ ಮಾಡಿ ಬಂದು ಶೀಶೆಯ ಬಿರಡೆ ತೆಗೆದು ಮೂಸಿದಳು. ಬಹಳ ಹೊತ್ತು ಮೂಸಿದಳು. ಅಳುತ್ತಾಳೆ ಎಂದುಕೊಂಡೆ, ಆದರೆ ಅವಳಿಗೆ ಬಂದದ್ದು ಸಿಟ್ಟು.

"ಅವ್ರು ತಂದ್ಕೊಟ್ರೆ ಅಚ್ಕಬೌದು, ಅವ್ರಿಲ್ದಿದ್ರೆ ಬ್ಯಾಡ. ಮೂಗ್ ನಂದಾ, ಅವ್ರುದಾ?" ಎನ್ನುತ್ತ ಕಿವಿಯ ಹಿಂದೆ, ಮಣಿಕಟ್ಟಿಗೆ, ಸೆರಗಿಗೆ ಹಚ್ಚಿಕೊಂಡಳು. ಬಾಗಿಲಿಗೆ ಬಂದ ಅತ್ತೆ ಹುಳ ಎಂದು ಬಾಯಿ ತೆಗೆದರು.

"ಉಳ ಕೊಳ್ಳೇಗಾಲುಕ್ಕೆ ಓದೋ ಅತ್ತೆ. ನಾನು ಯಳಂದೂರ್ಗೆ ಓಯ್ತೀನಿ," ಎಂದು ಚಪ್ಪಲಿ ಮೆಟ್ಟಿದಳು. ನನ್ನ ನಿಂಬೆ ಸೆಂಟು ದಂಡವಾಯಿತು.

ಕೊಳ್ಳೇಗಾಲದಲ್ಲಿ ಬಸ್ ಬದಲಿಸಿ ಹನ್ನೊಂದಕ್ಕೆ ಯಳಂದೂರು ಸೇರಿದೆವು. ದಾರಿಯುದ್ದಕ್ಕೂ ಅವಳು ಕಿಟಕಿ ಪಕ್ಕ ಕೂತು ಮಣಿಕಟ್ಟನ್ನು ಮೂಸುತ್ತಿದ್ದಳು. ಬೀಗರ ಬಾಗಿಲಲ್ಲಿ ಮೇಜಿನ ಮೇಲೆ ಗಂಧ, ಕಲ್ಲುಸಕ್ಕರೆ, ಬೆಳ್ಳಿಯ ಪನ್ನೀರುದಾನಿ ಇದ್ದವು. ಬಂದವರಿಗೆ ಪನ್ನೀರು ಹಾಕುವುದು ಮುತ್ತೈದೆಯರ ಕೆಲಸ. ಅಲ್ಲಿದ್ದವಳನ್ನು ಯಾರೋ ಒಳಗೆ ಕರೆದರು, ಮೇಜಿನ ಹಿಂದೆ ಯಾರೂ ಉಳಿಯಲಿಲ್ಲ. ಹಿಂದಿನ ಬಾಗಿಲಿಂದ ಅಡುಗೆಮನೆಗೆ ಹೋಗುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದ ನಾಗರತ್ನ ಪನ್ನೀರುದಾನಿಯನ್ನು ಕೈಗೆತ್ತಿಕೊಂಡು ಬಾಗಿಲಲ್ಲೇ ನಿಂತಳು.

ಮೊದಲು ಬಂದ ನಾಲ್ಕೈದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಂಗೈ ಚಾಚಿದರು. ಅಳಿಯನ ಚಿಕ್ಕಮ್ಮ ಮಾತ್ರ ಸೆರಗು ಎಳೆದುಕೊಂಡು ಗೋಡೆಗೆ ಒತ್ತಿಕೊಂಡು ಒಳಗೆ ನುಗ್ಗಿದರು. ನಾಗರತ್ನ ಅವರ ಬೆನ್ನಿಗೇ ನಾಲ್ಕು ಹನಿ ಚಿಮುಕಿಸಿದಳು. ಅಷ್ಟರಲ್ಲಿ ಕಾವ್ಯ, ಹೊಟ್ಟೆ ಹಿಡಿದುಕೊಂಡು, ಹಸೆಯಿಂದ ಎದ್ದು ಬಂದು ಎರಡು ಕೈಯನ್ನೂ ಚಾಚಿದಳು. "ನಂಗೂ ಆಕವ್ವ" ಎಂದಷ್ಟೇ ಹೇಳಿದಳು. ನನ್ನ ಕಣ್ಣು ತುಂಬಿತು, ಬ್ಲೀಚಿಂಗ್ ಪೌಡರ್ ಅಲ್ಲಿರಲಿಲ್ಲ. ಕಾವ್ಯಳ ಹಿಂದೆಯೇ ಅವಳ ಅತ್ತೆಯೂ ಬಂದು ಕೈ ಚಾಚಿ ನಿಂತರು.

ಮೂರು ಗಂಟೆಗೆ, ಊಟ ಮುಗಿಸಿ, ಮೈಸೂರಿನ ಬಸ್ಸಿಗೆ ಹೊರಟೆ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದೆ. ನಾಗರತ್ನ ಪನ್ನೀರುದಾನಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು. ಮನೆಗೆ ಹೊರಟಿದ್ದ ಆ ಚಿಕ್ಕಮ್ಮ ಹೊಸಿಲಿನ ಒಳಗಿದ್ದರು.

"ಬೆನ್ಗ್ ಆಯ್ತಲ್ಲ, ಈಗ ಕೈ ನೀಡಿ," ಎನ್ನುವ ಅವಳ ಮಾತು ನನಗೆ ಕೇಳಿಸಿತು. ಆಕೆ ಕೈ ನೀಡುವವರೆಗೂ ನನ್ನ ತಂಗಿ ಬಾಗಿಲು ಬಿಡಲಿಲ್ಲ.