ಕಾಲಿಲ್ಲದ ಹುಳ

ಭಾನುಪ್ರಿಯಳನ್ನು ನಾನು ಮೊದಲು ಮಾತಾಡಿಸಿದ್ದೇ ಬೈಗುಳದಿಂದ. ರಾಮನಗರದ ಆಸ್ಪತ್ರೆಯೊಂದರಲ್ಲಿ, ತುರ್ತು ಚಿಕಿತ್ಸೆಯ ಕೋಣೆಗೆ ಅಂಟಿಕೊಂಡಂತೆ ಅವಳ ಮೇಜು. ಡಾಕ್ಟರು ಬರೆದ ಕಾಯಿಲೆಗೆ ತಕ್ಕ ಕೋಡ್ ನಂಬರು ಹುಡುಕಿ ವಿಮೆಯವರಿಗೆ ಕಳಿಸುವುದು ಕೆಲಸ. ಏಳು ವರ್ಷದಿಂದ ಅದೇ ಕುರ್ಚಿ, ಮನೆಗೆ ಸಂಜೆ ಐದರ ಮಾಗಡಿ ಬಸ್ಸು.

ನಾನು ಬಿಡದಿಯ ಕಾರ್ಖಾನೆಯೊಂದರ ಬಸ್ ಡ್ರೈವರ್. ಬೈರಮಂಗಲದ ಹೊಲದಲ್ಲಿ ಹುಲ್ಲು ಕುಯ್ಯುವಾಗ ನಮ್ಮವ್ವ ಬೈರಮ್ಮನಿಗೆ ಹುಳ ಕಚ್ಚಿತ್ತು. ಮೂರನೇ ದಿನ ಮೂತ್ರ ನಿಂತಿತು. ಸಂಜೆಯೊಳಗೆ ಡಯಾಲಿಸಿಸ್ ಆಗಲೇಬೇಕು ಎಂದರು. ವಿಮೆಯವರು ಒಪ್ಪಲಿಲ್ಲ. ಹುಳ ಕಚ್ಚಿದ್ದಕ್ಕೆ ಡಯಾಲಿಸಿಸ್ ಯಾಕಂತೆ.

ಮೇಜು ಗುದ್ದಿದೆ. "ನಿನ್ ನಂಬರ್ ಸರಿಯಿಲ್ದೆ ನಮ್ಮವ್ವ ಸಾಯ್ಬೇಕೇನಮ್ಮ?"

"ಮೇಜು ಮುರುದ್ರೆ ಅದೂ ನಿಮ್ ಬಿಲ್‌ಗೇ ಬತ್ತದೆ ಕಣಣ್ಣ. ಸೇರ್ಸೋವಾಗ ಏನಂದ್ರಿ?"

"ಹುಳ ಮುಟ್ಟೈತೆ ಅಂದೆ."

ಕೀಲಿಮಣೆಯ ಮೇಲೆ ಅವಳ ಕೈ ನಿಂತಿತು. "ಯಾವ ಹುಳ?"

"ಅದೇ ಕಣಮ್ಮ, ಉದ್ದದ್ದು."

ಗಾಯ ಮಾಯುವ ತನಕ ನಾವು ಹಾವಿನ ಹೆಸರೆತ್ತುವುದಿಲ್ಲ, ಹುಳ ಅನ್ನುತ್ತೇವೆ. ಬೇರೆ ಸೀಮೆಯಿಂದ ಬಂದ ಡಾಕ್ಟರಿಗೆ ಅದು ತಿಳಿಯದೆ ಹುಳವೆಂದೇ ಬರೆದಿದ್ದರು. ಅನುಮಾನದ ಮೇಲೆ ಹಾವಿನ ಮದ್ದು ಕೊಟ್ಟರೂ ಚೀಟಿ ಬದಲಾಗಿರಲಿಲ್ಲ. ಅವಳ ಕೋಡಿನಲ್ಲಿ ಟಿ ಅರವತ್ತಮೂರು ಆದ ಮೇಲೆ ನಾಲ್ಕಿದ್ದರೆ ಹುಳ, ಸೊನ್ನೆಯಿದ್ದರೆ ಹಾವು.

"ಹಾಕ್ಬುಡು ಸೊನ್ನೆ."

"ನಾನಾಗಿ ಹಾಕೋ ಹಂಗಿಲ್ಲ. ಡಾಕ್ಟ್ರು ಬರೀದೆ ಹಾಕುದ್ರೆ ಕಳ್ ಕ್ಲೇಮು ಅಂತ ಪೂರ್ತಿ ತಳ್ಳಾಕ್ತಾರೆ. ನೀವ್ ಕಂಡ್ರಾ ಅದನ್ನ?"

ಕಂಡವಳು ಅವ್ವ ಒಬ್ಬಳೇ.

ಮೂರೂವರೆಗೆ ಡಾಕ್ಟರನ್ನು ಹಿಡಿದುಕೊಂಡು ವಾರ್ಡಿಗೆ ಹೋದೆವು. ಅವ್ವನ ಮುಖ ಊದಿತ್ತು. ಹಾವಾ ಎಂದು ಡಾಕ್ಟರು ಕೇಳಿದ್ದೇ ತಡ, ಗೋಡೆ ಕಡೆ ತಿರುಗಿಬಿಟ್ಟಳು.

"ಬಾಯ್ ಬುಡವ್ವ, ಹೊತ್ತಾಯ್ತದೆ," ಎಂದು ರೇಗಿದೆ.

"ಹೆಸ್ರೆತ್ತುದ್ರೆ ತಿರ್ಗಾ ಬತ್ತದೆ ಕಣ್ಲಾ. ಸುಮ್ಕಿರು ನೀನು."

ಭಾನುಪ್ರಿಯ ನನ್ನನ್ನು ಪಕ್ಕಕ್ಕೆ ತಳ್ಳಿ ಹಾಸಿಗೆಯ ತುದಿಯಲ್ಲಿ ಕೂತಳು. "ಹೆಸ್ರು ಬ್ಯಾಡ ಬುಡಜ್ಜಿ. ಆ ಹುಳಕ್ಕೆ ಕಾಲಿದ್ವಾ?"

ಅವ್ವ ನಿಧಾನವಾಗಿ ಅವಳ ಕಡೆ ಹೊರಳಿದಳು. ಡಾಕ್ಟರು ಗಡಿಯಾರ ನೋಡಿದರು.

"ಅದ್ಕೆಲ್ಲಿ ಕಾಲವ್ವ. ಮೈತುಂಬ ಸರಪಣಿ ಹಂಗೆ ಮಚ್ಚೆ ಐತೆ."

"ಕೊಳಕುಮಂಡಲ ಸಾರ್, ಕಿಡ್ನಿಗೇ ಹೊಡ್ಯೋ ಹಾವು," ಎಂದು ಭಾನುಪ್ರಿಯ ಅವ್ವನಿಗೆ ಕೇಳಿಸದಂತೆ ಡಾಕ್ಟರ ಕಿವಿಯಲ್ಲಿ ಉಸುರಿದಳು. ಅವರು ಅಲ್ಲೇ ನಿಂತು ಬರೆದು ಸಹಿ ಹಾಕಿದರು. ಅವಳು ಚೀಟಿ ಹಿಡಿದು ಮೇಜಿಗೆ ಓಡಿದಳು.

ಐದಕ್ಕೆ ವಿಮೆಯವರ ಒಪ್ಪಿಗೆ ಬಂತು. ಅವ್ವನನ್ನು ಯಂತ್ರದ ಕೋಣೆಗೆ ಸಾಗಿಸಿದ ಮೇಲೆ ಹೋಗಿ ಮೇಜಿನೆದುರು ನಿಂತೆ. ಗುದ್ದಿದ ಜಾಗವನ್ನು ಅಂಗೈಯಿಂದ ಸವರಿದೆ.

"ನಿನ್ ಬಸ್ಸು ಹೋಯ್ತಲ್ಲಮ್ಮ."

ಅವಳು ಆಗಲೇ ಇನ್ಯಾರದೋ ಚೀಟಿ ಓದುತ್ತಿದ್ದಳು. "ಆರೂವರೇದೈತೆ. ಕೂತ್ಕಳಣ್ಣ, ಮೇಜೊಂದ್ ಮುಟ್ಬ್ಯಾಡ."