ಚಳಿಗಾಲಕ್ಕೆ ತುಂತುರು ಮಲಗಿಸುವ ಹುಲಗಪ್ಪ

ಗಂಗಾವತಿಯ ಓಣಿಗಳಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಊರಂಚಿನ ಬಂಗಲೆಯ ಅಂಗಳದಲ್ಲಿ, ಅಲ್ಲಿಯ ತೋಟ ನೋಡಿಕೊಳ್ಳುವ ಹುಲಗಪ್ಪ ಹುಲ್ಲಿನ ಮೇಲೆ ಬೋರಲು ಮಲಗಿ, ಕಿವಿಯನ್ನು ನೆಲಕ್ಕೆ ಒತ್ತಿದ್ದಾರೆ. ಇಬ್ಬನಿಗೆ ತಲೆಗೆ ಸುತ್ತಿದ ಪಟಗದ ಅಂಚು ತೊಯ್ದಿದೆ. ಹೊಸಬರು ಕಂಡರೆ ಈ ಮನುಷ್ಯನಿಗೆ ಏನೋ ಆಯಿತೆಂದು ಓಡಿ ಬಂದಾರು. ಮನೆಯೊಡತಿ ರಾಜಾಬೀಯವರು ಮಾತ್ರ ಪಡಸಾಲೆಯ ಕುರ್ಚಿಯಲ್ಲಿ ಶಾಲು ಹೊದ್ದು, ನಿರಾತಂಕವಾಗಿ ಚಹಾ ಕುಡಿಯುತ್ತಿದ್ದಾರೆ. ದೀಪಾವಳಿ ಕಳೆದ ಮೇಲೆ ವರ್ಷಕ್ಕೊಮ್ಮೆ ಅವರು ಕಾಣುವ ನೋಟವೇ ಇದು.

"ಇನ್ನಾ ಗುಳುಗುಳು ಅಂತೈತ್ರಿ ಬೀಬಿಯವ್ರ. ಹೊಟ್ಟಿ ಪೂರಾ ಖಾಲಿ ಆಗಿಲ್ಲ" ಎನ್ನುತ್ತಾರೆ ಹುಲಗಪ್ಪ, ತಲೆ ಎತ್ತದೆ.

ಹೊಟ್ಟೆ ಎಂದರೆ ನೆಲದಡಿಯ ಕಬ್ಬಿಣದ ನಳಿಗೆ. ರಾಜಾಬೀಯವರ ಗಂಡ ಸರ್ಕಾರಿ ಇಂಜಿನಿಯರರಾಗಿದ್ದವರು. ನೌಕರಿ ಮುಗಿಸಿ ಇಲ್ಲಿ ಮನೆ ಕಟ್ಟಿದಾಗ ಬಾವಿಯ ಪಕ್ಕ ಎತ್ತರದ ಕಲ್ಲುಕಟ್ಟೆ ಏರಿಸಿ, ಅದರ ಮೇಲೊಂದು ತೊಟ್ಟಿ ಇಟ್ಟರು. ಎತ್ತುಗಳು ಬಾವಿಯ ನೀರೆಳೆದು ತೊಟ್ಟಿ ತುಂಬಿಸಿದರೆ ಆ ನೀರು ನಳಿಗೆಯಲ್ಲಿ ಇಳಿದು, ಹುಲ್ಲಿನ ನಡುವೆ ನೆಟ್ಟ ಏಳು ಹಿತ್ತಾಳೆ ಬಾಯಿಗಳಿಂದ ತುಂತುರಾಗಿ ಚಿಮ್ಮುತ್ತದೆ. ಮೊದಮೊದಲು ಊರಿಗೆ ಊರೇ ಬಂದು ಬೇಲಿಯ ಆಚೆ ನಿಂತು ನೋಡುತ್ತಿತ್ತಂತೆ.

ಸಾಹೇಬರು ತೀರಿಕೊಂಡು ಎರಡನೆಯ ಚಳಿಗಾಲ ಇದು. ಅವರು ಕೂಡುತ್ತಿದ್ದ ಕುರ್ಚಿಯಲ್ಲಿ ಈಗ ರಾಜಾಬೀ ಕೂಡುತ್ತಾರೆ. ಕುರ್ಚಿಯ ಎದುರಿಗಿರುವ ಏಳನೆಯ ಬಾಯಿಯನ್ನು ಸಾಹೇಬರು ಹಾಕಿಸಿದ್ದೇ ಹೆಂಡತಿ ಕೂತಲ್ಲಿಂದ ನೋಡಲಿ ಎಂದು. ಕಳೆದ ಬೇಸಿಗೆಯಿಂದ ಆ ಬಾಯಿ ಮೂಕವಾಗಿದೆ. ನಳಿಗೆ ಬಿಚ್ಚಿ ನೋಡಬೇಕೆಂದರೆ ಅದು ಪೂರ್ತಿ ಖಾಲಿಯಾಗಬೇಕು. ಖಾಲಿಯಾಗುವುದು ವರ್ಷಕ್ಕೊಮ್ಮೆ, ಇವತ್ತೇ. ತುಕ್ಕು ಹಿಡಿದ ಕೀಲು ಬಿಚ್ಚುವಾಗ ಮುರಿಯಿತೋ, ಈ ಮಹಾಯುದ್ಧದ ಕಾಲದಲ್ಲಿ ಬೇರೆ ನಳಿಗೆ ಮುಂಬಯಿಯಿಂದಲೂ ಬರುವುದಿಲ್ಲ. ಆಗ ಒಂದಲ್ಲ, ಏಳೂ ಬಾಯಿ ನಿಂತುಹೋಗುತ್ತವೆ. ಹುಲಗಪ್ಪ ಮುಂಜಾನೆಯಿಂದ ಚಹಾ ಮುಟ್ಟಿಲ್ಲ.

ಚಳಿಗಾಲದಲ್ಲಿ ಹುಲ್ಲಿಗೆ ಇಬ್ಬನಿಯೇ ಸಾಕು. ನೀರೆಳೆಯುವ ಎತ್ತುಗಳೂ ಹಿಂಗಾರಿ ಹೊಲಕ್ಕೆ ಹೋಗಿರುತ್ತವೆ. ಹಾಗೆಂದು ತುಂತುರನ್ನು ಅದರ ಪಾಡಿಗೆ ಬಿಡುವಂತಿಲ್ಲ. ಸೋರದಂತೆ ಕೀಲುಗಳ ನಡುವೆ ಇಟ್ಟ ತೊಗಲಿನ ಬಿಲ್ಲೆಗಳು ನಿಂತ ನೀರಿನಲ್ಲಿ ಕೊಳೆಯುತ್ತವೆ, ತಳಕ್ಕೆ ರಾಡಿ ಕೂಡುತ್ತದೆ, ಹಿತ್ತಾಳೆ ಬಾಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡುತ್ತದೆ. ಅದಕ್ಕೇ ನಳಿಗೆ ತೊಳೆದು, ತೊಗಲಿಗೆ ಎಣ್ಣೆ ಕುಡಿಸಿ, ಬಾಯಿಗಳಿಗೆ ಮೇಣದ ಅರಿವೆ ಜಡಿದು ಯುಗಾದಿಯವರೆಗೆ ಮಲಗಿಸಬೇಕು.

"ಸಾಹೇಬ್ರು ಹೇಳ್ತಿದ್ರು, ವಿಲಾಯತಿಯೊಳಗ ಥಂಡಿಗೆ ಪೈಪಿನಾಗಿನ ನೀರು ಕಲ್ಲಾಗಿ ಪೈಪ ಒಡೀತಾವಂತ. ನಾ ನಕ್ಕಬಿಟ್ಟೆ" ಎಂದು ಈಗಲೂ ನಗುತ್ತಾರೆ ಹುಲಗಪ್ಪ. "ನಮ್ಮ ಕಡಿ ಈ ಹುಳದ ಕಾಟ ಒಂದ ಸಾಕಾಗೇತ್ರಿ."

ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಹೆಂಡತಿ ದುರುಗವ್ವ ಔಡಲೆಣ್ಣೆಯಲ್ಲಿ ಜೇನುಮೇಣ ಕರಗಿಸುತ್ತಿದ್ದಾರೆ. ಅವರ ಬಾಯಿಗೆ ಬೀಗವಿಲ್ಲ. "ನನ್ನ ತಲಿಗೆ ಒಂದ ಹನಿ ಎಣ್ಣಿ ತಂದ ಮನಷ್ಯಾ ಅಲ್ಲ. ಈ ಪೈಪಿಗೆ ನೋಡ್ರಿ, ಬಾಣಂತಿ ಆರೈಕಿ ನಡದೈತಿ!"

ಹುಲಗಪ್ಪನವರ ಹುಟ್ಟೂರು ಹುಲಿಹೈದರ. ಅವರ ತಂದೆ ತೊಗಲಿನ ಕೆಲಸದವರು. ಬಾವಿಯಿಂದ ಎತ್ತು ಹೂಡಿ ನೀರೆತ್ತುವ ತೊಗಲಿನ ಚೀಲ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಒಂದು ಹನಿ ಸೋರುತ್ತಿರಲಿಲ್ಲವಂತೆ.

"ನಮ್ಮಪ್ಪ ಹೊಲಿದ ಚೀಲ ದಿನಾ ಬಾವ್ಯಾಗ ಇಳೀತಿತ್ರಿ. ನಾವು ಮಾತ್ರ ಬಾವಿ ಕಟ್ಟಿ ಹತ್ತಂಗಿರಲಿಲ್ಲ. ಯಾರರ ಬಂದು ಮ್ಯಾಲಿಂದ ಸುರುವಿದ್ರ ಬೊಗಸಿ ಒಡ್ಡಿ ಕುಡೀಬೇಕು, ಇಲ್ಲಂದ್ರ ಕಾಯಬೇಕು." ಇಷ್ಟು ಹೇಳಿ ಹುಲಗಪ್ಪ ಕೈಯಲ್ಲಿನ ತೊಗಲನ್ನು ತಿರುವಿ ನೋಡುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ.

ನೀರಿಗೆ ಹೀಗೆ ಕಾದು ಕೂತವರ ಮನೆಯಲ್ಲಿ ಕೊಡವನ್ನು ಎಂದೂ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದಿಷ್ಟು ಉಳಿಸಿಯೇ ಮಲಗುತ್ತಾರೆ. ಸಾಹೇಬರು ಇರುವತನಕ ತೊಟ್ಟಿಯನ್ನು ಅರಿವೆಯಿಂದ ಒರೆಸಿ ಒಣಗಿಸುವುದು ಅವರ ಹುಕುಂ ಆಗಿತ್ತು. ಅವರು ಹೋದ ಮೊದಲ ಚಳಿಗಾಲ ಹುಲಗಪ್ಪನವರ ಕೈ ತಡೆಯಿತು. ಸಾಹೇಬರ ತೊಟ್ಟಿ ಬರಿದು ಮಾಡುವುದೇ? ರಾಜಾಬೀಯವರೂ "ಖಾಲಿ ಮಾಡಬ್ಯಾಡ, ನನ್ನ ಕಣ್ಣಿಂದ ನೋಡಾಕ ಆಗೂದಿಲ್ಲ" ಅಂದರು. ಇಬ್ಬರೂ ಕೂಡಿ ಗೇಣುದ್ದ ನೀರು ಬಿಟ್ಟರು. ಆ ನೀರು ನಳಿಗೆಗೆ ಜಿನುಗಿ ತೊಗಲಿನ ಬಿಲ್ಲೆಗಳನ್ನು ಕೊಳೆಸಿತು. ಯುಗಾದಿಗೆ ನೀರು ಬಿಟ್ಟಾಗ ಬಿಲ್ಲೆಯೊಂದರ ಚೂರು ಹರಿದು ಬಂದು ಏಳನೆಯ ಬಾಯಿಯ ಬುಡದಲ್ಲಿ ಸಿಕ್ಕಿಕೊಂಡಿತು. ಬೇಸಿಗೆಯುದ್ದಕ್ಕೂ ಕುರ್ಚಿಯ ಎದುರಿನ ಹುಲ್ಲಿಗೆ ಹುಲಗಪ್ಪ ಕೊಡದಲ್ಲಿ ನೀರು ಹೊತ್ತು ಹಾಕಿದರು. ಯಾರೂ ಹೇಳಿದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ.

ಈ ಸಲ ತೊಟ್ಟಿಯ ತಳದ ನೀರನ್ನು ಅವರು ತಂಬಿಗೆಯಿಂದ ಎತ್ತಿ ಹಂಡೆಗೆ ತುಂಬಿದ್ದಾರೆ. ತೊಟ್ಟಿ ಒಣಗಿದೆ, ಕಟ್ಟೆಯ ಕೆಳಗೆ ಹಂಡೆ ತುಂಬಿದೆ. ಪದ್ಧತಿಯೂ ಉಳಿಯಿತು, ತೊಗಲೂ ಉಳಿಯಿತು ಎಂಬ ಲೆಕ್ಕ ಅವರದು.

ಬಿಸಿಲು ಪಡಸಾಲೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ನೆಲದಡಿಯ ಗುಳುಗುಳು ನಿಲ್ಲುತ್ತದೆ. ಹುಲಗಪ್ಪ ಏಳನೆಯ ಬಾಯಿಯ ಬುಡದ ಸಡಿಲ ಮಣ್ಣು ಸರಿಸಿ, ಕೀಲು ತಿರುಗಿಸುವ ಪಾನಾ ಹಚ್ಚುತ್ತಾರೆ. ವಾರದಿಂದ ಚಿಮಣಿ ಎಣ್ಣೆಯ ಅರಿವೆ ಸುತ್ತಿಟ್ಟರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ. ಕಬ್ಬಿಣ ಕಿರ್ರನೆ ನರಳುತ್ತದೆ. ರಾಜಾಬೀ ಕುರ್ಚಿಯಿಂದ ಎದ್ದು ಮೆಟ್ಟಿಲಿಗೆ ಬರುತ್ತಾರೆ.

"ಬಿಡು ಹುಲಗಪ್ಪಾ. ಮುರದ್ರ ಎಲ್ಲಾ ಹೋಗ್ತಾವ. ಆರು ಅದಾವಲ್ಲ, ನನಗ ಅಷ್ಟ ಸಾಕು."

"ನಿಮಗ ಸಾಕಾಗಬಹುದ್ರಿ. ನನಗ ಸಾಕಾಗೂದಿಲ್ಲ" ಎನ್ನುತ್ತಾರೆ ಹುಲಗಪ್ಪ. ಬಿಚ್ಚುವ ಬದಲು ಕೀಲನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಾರೆ, ಮತ್ತೆ ಅಷ್ಟೇ ಸಡಿಲು ಮಾಡುತ್ತಾರೆ. ಮತ್ತೆ ಬಿಗಿ, ಮತ್ತೆ ಸಡಿಲು. ದುರುಗವ್ವ ಮೇಣ ಕದಡುವುದು ಬಿಟ್ಟು ಹತ್ತಿರ ಬರುತ್ತಾರೆ. ಕೊನೆಗೆ ತುಕ್ಕಿನ ಪುಡಿ ಉದುರಿ ಕೀಲು ಮೆಲ್ಲನೆ ತಿರುಗುತ್ತದೆ. ಬಾಗಿಸಿದ ತಂತಿ ಇಳಿಬಿಟ್ಟು ಅವರು ಕರ್ರಗಿನ ಚೂರೊಂದನ್ನು ಹೊರಗೆಳೆದು ಅಂಗೈ ಮೇಲೆ ಇಡುತ್ತಾರೆ.

"ನಾನ ಕೊಯ್ದ ತೊಗಲ್ರಿ ಇದು. ಯುಗಾದಿಯಿಂದ ನಿಮ್ಮ ಎದರಿಗೆ ಅಡ್ಡ ಕುಂತಿತ್ತು."

ಎಣ್ಣೆ ಕುಡಿದ ಹೊಸ ಬಿಲ್ಲೆ ಕೂಡಿಸಿ ಕೀಲು ಬಿಗಿದದ್ದಾಯಿತು. ಸರಿಯಾಯಿತೋ ಇಲ್ಲವೋ ತಿಳಿಯಬೇಕೆಂದರೆ ಯುಗಾದಿಯವರೆಗೆ ಕಾಯಬೇಕು, ಎತ್ತುಗಳು ಹೊಲದಲ್ಲಿವೆ. ರಾಜಾಬೀ ಹಂಡೆಯತ್ತ ಬೆರಳು ಮಾಡುತ್ತಾರೆ.

"ಅದನ್ನ ಹಾಕು."

"ಅದು ಉಳಸಿದ ನೀರ್ರಿ, ಬೀಬಿಯವ್ರ."

"ಹಂಡ್ಯಾಗ ಕುಂತ ನೀರಿಂದ ನಿಮ್ಮ ಸಾಹೇಬ್ರಿಗೇನು ಖುಷಿ? ಹಾಕು."

ನೀರೆಲ್ಲ ಏಳನೆಯದಕ್ಕೇ ಹೋಗಲೆಂದು ಉಳಿದ ಆರೂ ಬಾಯಿಗಳಿಗೆ ಮೇಣದ ಅರಿವೆ ಬೀಳುತ್ತದೆ. ಗಂಡಹೆಂಡತಿ ಕೊಡಕೊಡವಾಗಿ ಹಂಡೆಯ ನೀರನ್ನು ಕಟ್ಟೆಗೇರಿಸಿ ತೊಟ್ಟಿಗೆ ಸುರಿಯುತ್ತಾರೆ. ಹುಲಗಪ್ಪ ಓಡಿ ಬಂದು ಮತ್ತೆ ನೆಲಕ್ಕೆ ಕಿವಿ ಇಡುತ್ತಾರೆ. ಏಳನೆಯ ಬಾಯಿ ಒಮ್ಮೆ ಕೆಮ್ಮಿ ರಾಡಿ ಉಗುಳುತ್ತದೆ. ಆಮೇಲೆ ತಿಳಿನೀರು ಮೊಣಕಾಲೆತ್ತರಕ್ಕೆ ಚಿಮ್ಮಿ, ಮೆಟ್ಟಿಲ ಮೇಲಿದ್ದ ರಾಜಾಬೀಯವರ ಪಾದಗಳ ಮೇಲೆ ಉದುರುತ್ತದೆ. ಅಷ್ಟು ಚಳಿಯಲ್ಲೂ ಅವರು ಕಾಲು ಹಿಂದೆ ತೆಗೆಯುವುದಿಲ್ಲ. ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಹಂಡೆಯ ನೀರು ಎಷ್ಟು ಹೊತ್ತು ಬಂದೀತು? ತುಂತುರು ಕುಗ್ಗಿ ನಿಲ್ಲುತ್ತದೆ. ಹುಲಗಪ್ಪ ತಳದ ನಲ್ಲಿ ಬಿಚ್ಚಿ ನಳಿಗೆಯನ್ನು ಮತ್ತೆ ಖಾಲಿ ಮಾಡಿ, ತೊಟ್ಟಿ ಒರೆಸಿ, ಏಳನೆಯ ಬಾಯಿಗೂ ಮೇಣದ ಅರಿವೆ ಜಡಿಯುತ್ತಾರೆ. ಈಗ ಹಂಡೆಯೂ ಬರಿದು. ಯಾರೂ ಹೇಳದೆ ದುರುಗವ್ವ ಬಾವಿ ಕಟ್ಟೆ ಹತ್ತಿ, ತಾವೇ ಹಗ್ಗ ಬಿಟ್ಟು ಒಂದು ಕೊಡ ಸೇದುತ್ತಾರೆ. ಹಂಡೆಯಲ್ಲಿ ನೀರು ಬೀಳುವ ಸದ್ದಾದ ಮೇಲೆಯೇ ಹುಲಗಪ್ಪ ಆರಿದ ಚಹಾ ಬಾಯಿಗೆ ಇಡುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಅವರಿಗೆ ನಾಚಿಕೆ.

"ಯುಗಾದಿ ದಿನ ಏಳೂ ಬಾಯಿ ಒಮ್ಮಿಗೇ ಏಳಬೇಕ್ರಿ, ಅಷ್ಟ." ಚಹಾದ ಬಟ್ಟಲು ಕೆಳಗಿಟ್ಟು ಒದ್ದೆ ಹುಲ್ಲಿನ ಮೇಲೆ ಕೈಯಾಡಿಸುತ್ತಾರೆ. "ನಮ್ಮಪ್ಪ ಇರಬೇಕಿತ್ರಿ. ಬೊಗಸಿ ಒಡ್ಡಿ ಕಾಯ್ತಿದ್ದ ಮಂದಿ ನಾವು. ಈಗ ನಾ ಮಲಗಂದ್ರ ನೀರು ಮಲಗ್ತೈತಿ, ಏಳಂದ್ರ ಏಳತೈತಿ."